ಮೊದಲ ಮೂರು ಸಾಲು

ಮೇಸ್ತ್ರಿ ಎಂದ ಕೂಡಲೇ ಗಾರೆ ಕೆಲಸದವನು ಅಂದುಕೊಳ್ಳಬೇಡಿ. ಈ ಆಸಾಮಿ ಜನ್ಮದಲ್ಲಿ ಕರಣೆ ಹಿಡಿದವನಲ್ಲ. ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ತಮ್ಮನನ್ನು ಕೂಗಿ ಕರೆಯುತ್ತಿದ್ದ. ಅವನಿದ್ದದ್ದು ರೈಲ್ವೆ ಗೇಟುಗಳಿಗೆ ಪೆಟ್ಟಿಗೆ ಮಾಡುವ ಕಂಪನಿಯಲ್ಲಿ. ಕಾವಲುಗಾರನಿಲ್ಲದ ಸಣ್ಣ ಗೇಟುಗಳಿರುತ್ತವಲ್ಲ, ರೈಲು ಬರುವುದು ಗೊತ್ತಾದ ಕೂಡಲೇ ತಾವಾಗಿಯೇ ಗಂಟೆ ಬಾರಿಸಿ ಅಡ್ಡಕಂಬ ಇಳಿಸುವಂಥವು, ಅವುಗಳ ಪಕ್ಕ ಬೂದು ಬಣ್ಣದ ಒಂದು ಪೆಟ್ಟಿಗೆ ನಿಂತಿರುತ್ತದೆ. ಗೇಟಿನ ತಲೆ ಅಂದರೆ ಅದೇ. ಆ ತಲೆಯೊಳಗಿನ ಪ್ರೋಗ್ರಾಮನ್ನು ಹದಿನೆಂಟು ಜನ ತುಂಡು ತುಂಡಾಗಿ ಬರೆಯುತ್ತಿದ್ದರು. ತುಂಡುಗಳನ್ನೆಲ್ಲ ಸೇರಿಸಿ ಒಂದು ಮಾಡಿ ಕಟ್ಟಿಕೊಡುವವನು ಇವನು. ಅದಕ್ಕೆ ಆಫೀಸಿನವರು ಬಿಲ್ಡ್ ಎನ್ನುತ್ತಿದ್ದರು. ಕಟ್ಟುವವನು ಮೇಸ್ತ್ರಿಯಲ್ಲದೆ ಮತ್ತೇನು ಎಂದು ಯಾರೋ ಒಮ್ಮೆ ರೇಗಿಸಿದ್ದೇ ತಡ, ಹೆಸರು ಅಂಟಿಕೊಂಡುಬಿಟ್ಟಿತು. ಸಿಟ್ಟು ಬಂದಾಗ ಹೆಂಡತಿಯೂ "ಏನು ಮೇಸ್ತ್ರಿಗಳೇ" ಅಂತಲೇ ಶುರು ಮಾಡುತ್ತಿದ್ದಳು.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ, ಬಚ್ಚಿಟ್ಟು ಆಮೇಲೆ ಬೆಚ್ಚಿಬೀಳಿಸುವ ಚಾಳಿ ನನಗಿಲ್ಲ. ಅವನ ತಮ್ಮ ಶಾಲೆಯ ವ್ಯಾನು ಓಡಿಸುತ್ತಿದ್ದ. ಇಬ್ಬರೂ ಒಂದೇ ಮನೆಯಲ್ಲಿದ್ದರು, ಅಣ್ಣ ಕೆಳಗೆ, ತಮ್ಮ ಮಹಡಿಯಲ್ಲಿ. ಬೆಳಿಗ್ಗೆ ಏಳೂವರೆಗೆ ತಮ್ಮ ತನ್ನ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟು, ಬೀದಿ ಬೀದಿ ಸುತ್ತಿ ಹನ್ನೊಂದು ಮಕ್ಕಳನ್ನು ತುಂಬಿಕೊಂಡು, ಎಂಟು ಹತ್ತರ ಸುಮಾರಿಗೆ ಹದಿನಾಲ್ಕನೇ ನಂಬರಿನ ಗೇಟು ದಾಟುತ್ತಿದ್ದ. ಆ ಗೇಟಿನ ತಲೆ ಕಟ್ಟಿದವನು ಅಣ್ಣ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಮೇಸ್ತ್ರಿ ಕೆಲಸಕ್ಕೆ ಸೇರಿದಾಗ ಒಂದು ಬಿಲ್ಡಿಗೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಯಾರೋ ಒಂದು ಅಕ್ಷರ ತಿದ್ದಿದರೂ ನಾಲ್ಕು ಗಂಟೆ, ಏನೂ ತಿದ್ದದೇ ಇದ್ದರೂ ನಾಲ್ಕು ಗಂಟೆ. ಜನ ಕೈಕಟ್ಟಿ ಕೂತು ಚಹಾ ಕುಡಿದು ಕುಡಿದು ಹೊಟ್ಟೆ ಕೆಡಿಸಿಕೊಂಡಿದ್ದರು. ಇವನು ಹದಿನೈದು ದಿನ ಬೆನ್ನುಹತ್ತಿ ಕಾರಣ ಹುಡುಕಿದ. ಕೆಲಸವೆಲ್ಲ ನಡೆಯುವುದು ಮೇಕ್‌ಫೈಲ್ ಎಂಬ ಒಂದು ಪಟ್ಟಿಯ ಮೇಲೆ. ಯಾವ ಕಡತದಿಂದ ಯಾವ ಕಡತ ಹುಟ್ಟಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಯಂತ್ರ ಆ ಪಟ್ಟಿ ಹಿಡಿದು ಗಡಿಯಾರ ನೋಡುತ್ತದೆ: ಹುಟ್ಟಿಸಿದ ಕಡತಕ್ಕಿಂತ ಮೂಲದ ಕಡತ ಹೊಸದಾಗಿದ್ದರೆ ಮತ್ತೆ ಹುಟ್ಟಿಸು, ಇಲ್ಲದಿದ್ದರೆ ಸುಮ್ಮನಿರು. ಒಳಗೇನಿದೆ ಎಂದು ಪುಣ್ಯಾತ್ಮ ತೆರೆದೇ ನೋಡುವುದಿಲ್ಲ.

ತೊಂದರೆ ಇದ್ದದ್ದು ಗೇಟುಗಳ ಕಡತದಲ್ಲಿ. ಒಂದೊಂದು ಗೇಟಿಗೂ ಒಂದೊಂದು ಕಡತ, ಒಟ್ಟು ನಲವತ್ತೊಂದು. ಅವನ್ನು ಮನುಷ್ಯರು ಬರೆಯುತ್ತಿರಲಿಲ್ಲ. ಅಳತೆಗಳ ದೊಡ್ಡ ಕೋಷ್ಟಕ ಒಂದಿತ್ತು, ಅದನ್ನು ಓದಿ ಇನ್ನೊಂದು ಪ್ರೋಗ್ರಾಮು ಇವನ್ನು ಬರೆದು ಬಿಸಾಡುತ್ತಿತ್ತು. ಬರೆಯುವಾಗ ಮೇಲೆ ಮೂರು ಸಾಲು ಹಾಕುತ್ತಿತ್ತು: ಬರೆದವರು ಯಾರು, ಬರೆದದ್ದು ಯಾವಾಗ, ಯಾವ ಕೋಷ್ಟಕದಿಂದ. ಅಳತೆ ಒಂದೂ ಬದಲಾಗದಿದ್ದರೂ ಎರಡನೇ ಸಾಲಿನ ತಾರೀಖು ಬದಲಾಗುತ್ತಿತ್ತು. ಕಡತ ಹೊಸದಾಯಿತು ಎಂದು ಯಂತ್ರ ಅದರ ಮೇಲೆ ನಿಂತಿದ್ದನ್ನೆಲ್ಲ ಬುಡಮಟ್ಟ ಕೆಡವಿ ಮತ್ತೆ ಕಟ್ಟುತ್ತಿತ್ತು.

ಮೇಸ್ತ್ರಿ ಒಂದು ಉಪಾಯ ಹೂಡಿದ. ಹೊಸ ಕಡತವನ್ನು ನೇರವಾಗಿ ಹಳೆಯದರ ಮೇಲೆ ಬರೆಯಬೇಡ, ಪಕ್ಕದಲ್ಲಿ ಬರೆ. ಮೇಲಿನ ಮೂರು ಸಾಲು ಬಿಟ್ಟು ಎರಡನ್ನೂ ಹೋಲಿಸಿ ನೋಡು. ಒಂದೇ ಆಗಿದ್ದರೆ ಹೊಸದನ್ನು ಎಸೆ, ಹಳೆಯದನ್ನು ಮುಟ್ಟಬೇಡ. ಬೇರೆಯಾಗಿದ್ದರೆ ಮಾತ್ರ ಬದಲಿಸು. ಅಷ್ಟೇ ಅಷ್ಟು. ನಾಲ್ಕು ಗಂಟೆಯ ಬಿಲ್ಡು ಆರು ನಿಮಿಷಕ್ಕೆ ಇಳಿಯಿತು. ಆಫೀಸಿನವರು ಅವನನ್ನು ತಲೆಯ ಮೇಲೆ ಹೊತ್ತುಕೊಂಡರು. ಮ್ಯಾನೇಜರು ಬೆನ್ನು ತಟ್ಟಿದರು. ಇವನಿಗೂ ಕೊಂಬು ಬಂತು, ಬರದೆ ಏನು! ಹೊರಗೆ ಹೋಗುವ ಬಿಲ್ಡನ್ನು ಎಲ್ಲ ಅಳಿಸಿ ಬುಡದಿಂದ ಕಟ್ಟಬೇಕು ಎಂದು ಕಂಪನಿಯಲ್ಲಿ ಒಂದು ನಿಯಮವಿತ್ತು. ಮೇಸ್ತ್ರಿ ಮೂರು ವರ್ಷ ಬುಡದಿಂದ ಕಟ್ಟಿದ್ದನ್ನೂ ತನ್ನ ಆರು ನಿಮಿಷದ್ದನ್ನೂ ಅಕ್ಕಪಕ್ಕ ಇಟ್ಟು, ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲ ನೋಡಿ ಎಂದು ತೋರಿಸಿದ. ನಾಲ್ಕನೇ ವರ್ಷದಿಂದ ತೋರಿಸು ಎಂದು ಯಾರೂ ಕೇಳಲಿಲ್ಲ, ನಿಯಮ ಗೋಡೆಯ ಮೇಲಷ್ಟೇ ಉಳಿಯಿತು.

ಹೀಗೆ ಆರು ವರ್ಷ ಕಳೆಯಿತು. ಕೋಷ್ಟಕ ನೋಡಿಕೊಳ್ಳುವ ಮೇಡಂ ಒಬ್ಬರಿದ್ದರು. ಅಳತೆಗಳ ವಿಷಯದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವ ಹೆಂಗಸು. ಒಂದು ದಿನ ಊಟದ ಹೊತ್ತಿಗೆ ಡಬ್ಬಿ ಹಿಡಿದು ಮೇಸ್ತ್ರಿಯ ಎದುರು ಬಂದು ಕೂತರು.

"ಮೇಸ್ತ್ರಿ, ರೈಲಿನ ವೇಗ ಕಡತದ ಹೊಟ್ಟೆಯಲ್ಲೆಲ್ಲೋ ಹುದುಗಿಹೋಗಿದೆ. ನೋಡೋರಿಗೆ ಮೊದಲು ಕಾಣ್ಬೇಕಾದ್ದೇ ಅದು. ತಲೆ ಹತ್ರ ಹಾಕ್ಲಾ?"

"ಮೇಲ್ಗಡೆ ತಾನೆ? ಏನು ಬೇಕಾದ್ರೂ ಬರ್ಕೊಳ್ಳಿ ಮೇಡಂ, ನಿಮ್ಮ ಜಾತಕ ಬೇಕಾದ್ರೂ ಬರೀರಿ. ಅಲ್ಲಿ ಯಾರ್ ನೋಡ್ತಾರೆ!" ಎಂದು ಮೇಸ್ತ್ರಿ ನಕ್ಕ.

ಮೇಡಂ ಕೂಡ ನಕ್ಕರು. ಅವರು ಕೇಳಿದ್ದು ಪ್ರೋಗ್ರಾಮು ಬಳಸುವ ರೈಲಿನ ವೇಗದ ಅಂಕಿ, ಇವನು ಅಂದುಕೊಂಡದ್ದು ಮನುಷ್ಯರು ಓದುವ ಟಿಪ್ಪಣಿ. ಕೋಷ್ಟಕದ ಹೆಸರಿದ್ದ ಮೂರನೇ ಸಾಲನ್ನು ತೆಗೆದು ಅಲ್ಲಿ ವೇಗವನ್ನು ಇಟ್ಟರು. ಅವತ್ತು ಹೊಟ್ಟೆಯೊಳಗಿನ ಸಾಲು ಮಾಯವಾಗಿದ್ದರಿಂದ ಕಡತಗಳು ಬೇರೆಯಾದವು, ಯಂತ್ರ ಎಲ್ಲವನ್ನೂ ಮತ್ತೆ ಕಟ್ಟಿತು, ಎಲ್ಲ ಸರಿಯಾಗಿಯೇ ನಡೆಯಿತು. ಯಾರಿಗೂ ಏನೂ ಅನುಮಾನ ಬರಲಿಲ್ಲ.

ಆಮೇಲೆ ವೇಗದ ರೈಲು ಬರುವ ಸುದ್ದಿ ಬಂತು. ಸೋಮವಾರ ಬೆಳಿಗ್ಗೆ ಜನರನ್ನು ಹತ್ತಿಸಿಕೊಂಡು ಅದರ ಮೊದಲ ಓಡಾಟ. ಗೇಟಿಗೆ ಎರಡು ಸಾವಿರದ ನಾನೂರು ಮೀಟರ್ ದೂರದಲ್ಲಿ ಹಳಿಗೆ ಒಂದು ಕಣ್ಣು ಕೂರಿಸಿರುತ್ತಾರೆ. ರೈಲು ಅದನ್ನು ದಾಟಿದ್ದು ಪೆಟ್ಟಿಗೆಗೆ ಗೊತ್ತಾಗುತ್ತದೆ. ಹಳೆಯ ರೈಲಿಗೆ ಅಲ್ಲಿಂದ ಗೇಟಿಗೆ ಬರಲು ತೊಂಬತ್ತಾರು ಸೆಕೆಂಡು ಬೇಕು. ಜನರನ್ನು ಸುಮ್ಮನೆ ಕಾಯಿಸಬಾರದೆಂದು ಪೆಟ್ಟಿಗೆ ಮೂವತ್ತಾರು ಸೆಕೆಂಡು ತಡೆದು, ಆಮೇಲೆ ಗಂಟೆ ಹೊಡೆಯುತ್ತಿತ್ತು. ಹೊಸ ರೈಲಿಗೆ ಅಷ್ಟೇ ದೂರಕ್ಕೆ ಅರವತ್ತೇ ಸೆಕೆಂಡು. ಇನ್ನು ತಡೆಯುವ ಹಾಗಿಲ್ಲ, ಕಣ್ಣು ದಾಟಿದ ತಕ್ಷಣ ಗಂಟೆ ಬಾರಿಸಬೇಕು. ಗಂಟೆ ಹನ್ನೆರಡು ಸೆಕೆಂಡು ಬಾರಿಸಿದ ಮೇಲೆ ಅಡ್ಡಕಂಬ ಇಳಿಯಲು ಶುರು, ಪೂರ್ತಿ ಇಳಿಯಲು ಇನ್ನೂ ಹನ್ನೆರಡು. ಗಂಟೆ ಕೇಳಿದ ಮೇಲೂ ನುಗ್ಗಿ ದಾಟುವುದು ಆ ಭಾಗದ ಜನಕ್ಕೆ ನೀರು ಕುಡಿದಷ್ಟು ಸಲೀಸು. ಗಂಟೆಗೂ ರೈಲಿಗೂ ನಡುವೆ ಒಂದು ನಿಮಿಷ ಇದ್ದೇ ಇರುತ್ತದೆಂದು ಎಲ್ಲರಿಗೂ ಗೊತ್ತು.

ಮೇಡಂ ಕೋಷ್ಟಕದಲ್ಲಿ ವೇಗ ಬದಲಿಸಿದರು. ಪರೀಕ್ಷೆಯ ಕೋಣೆಯ ಹುಡುಗಿ ತನ್ನ ಯಂತ್ರದಲ್ಲಿ ಬುಡದಿಂದ ಬಿಲ್ಡು ಮಾಡಿಕೊಂಡು, ಒಂದು ಗೇಟಿಗೆ ಹಾಕಿ, ಹೊಸ ರೈಲನ್ನೇ ಓಡಿಸಿ ನೋಡಿದಳು. ಹೂವಿನಷ್ಟು ಚೆನ್ನಾಗಿ ನಡೆಯಿತು. ಉಳಿದ ನಲವತ್ತು ಗೇಟುಗಳಿಗೆ ತುಂಬಿಸಲು ಶುಕ್ರವಾರ ಮಧ್ಯಾಹ್ನ ಎರಡು ಜೀಪು ಬಾಗಿಲಲ್ಲಿ ನಿಂತು ಹಾರ್ನು ಬಾರಿಸುತ್ತಿದ್ದವು.

"ಮೇಸ್ತ್ರಿ, ಆಯ್ತೇನ್ರೀ? ಅವರು ನಲವತ್ತು ಕಡೆ ಹತ್ತಿ ಇಳೀಬೇಕು," ಎಂದು ಮ್ಯಾನೇಜರು ಕುರ್ಚಿಯ ಹಿಂದೆ ಬಂದು ನಿಂತರು.

"ಆರು ನಿಮಿಷ ಸಾರ್."

ಆರು ನಿಮಿಷಕ್ಕೆ ಆಯಿತು. ಕೊನೆಯ ಸಾಲು ಪರದೆಯ ಮೇಲೆ ಬಂದು ನಿಂತಾಗ ಮೇಸ್ತ್ರಿ ಗಡಿಯಾರ ನೋಡಿದ. ನಲವತ್ತೊಂದು ಗೇಟಿನ ವೇಗ ಬದಲಾಗಿದೆ. ಹಾಗಿದ್ದ ಮೇಲೆ ಎಲ್ಲವನ್ನೂ ಮತ್ತೆ ಕಟ್ಟಬೇಕಿತ್ತು, ಮೂರು ನಾಲ್ಕು ಗಂಟೆ ಕೂರಬೇಕಿತ್ತು. ಇಷ್ಟು ಬೇಗ ಹೇಗಾಯಿತು? ಮೇಡಂ ಹೋದ ವಾರವೇ ಬದಲಿಸಿರಬೇಕು, ಆಗಲೇ ಯಾವುದೋ ಬಿಲ್ಡಿನಲ್ಲಿ ಸೇರಿಹೋಗಿರಬೇಕು ಎಂದುಕೊಂಡ. ಮೇಡಂ ಕೂರುವ ಜಾಗ ಹದಿನೈದು ಹೆಜ್ಜೆ ದೂರ. ಎದ್ದು ಹೋಗಿ ಒಂದು ಮಾತು ಕೇಳಬಹುದಿತ್ತು. ಮ್ಯಾನೇಜರು ನಿಂತೇ ಇದ್ದರು, ಹೊರಗೆ ಹಾರ್ನು ಕೇಳುತ್ತಲೇ ಇತ್ತು. ಆರು ನಿಮಿಷ ಎಂದು ಹೇಳಿಕೊಂಡು ಬಂದವನ ಬಾಯಲ್ಲಿ 'ತಡೀರಿ' ಅನ್ನುವ ಮಾತು ಹೇಗೆ ಬರಬೇಕು? ಪ್ರತಿಯನ್ನು ಅವರ ಕೈಗೆ ಕೊಟ್ಟ. ಜೀಪುಗಳು ಹೋದವು.

ಶನಿವಾರ ಹೇಗೋ ಕಳೆಯಿತು. ಅನ್ನ ಕಲಸಿ ಕಲಸಿ ಹಾಗೇ ಬಿಟ್ಟ. "ಏನು ಮೇಸ್ತ್ರಿಗಳೇ, ಉಪ್ಪು ಜಾಸ್ತಿಯಾಯ್ತಾ?" ಎಂದು ಹೆಂಡತಿ ಕೇಳಿದಳು. ಏನಿಲ್ಲ ಎಂದು ತಟ್ಟೆ ಎತ್ತಿಟ್ಟ.

ಭಾನುವಾರ ಸಂಜೆ, ಇನ್ನೂ ಬಿಸಿಲಿದ್ದಾಗ, ತಮ್ಮನ ಮಗಳ ಕೈ ಹಿಡಿದು ಸುತ್ತಾಡಿಸುವ ನೆವದಲ್ಲಿ ಹದಿನಾಲ್ಕನೇ ಗೇಟಿಗೆ ನಡೆದ. ಗೇಟು ಅಲ್ಲೇ ಇತ್ತು, ಬೂದು ಪೆಟ್ಟಿಗೆ ಅಲ್ಲೇ ಇತ್ತು. ರಸ್ತೆಬದಿಯ ಕಲ್ಲಿನ ಮೇಲೆ ಇಬ್ಬರೂ ಕೂತರು. ಹಳೆಯ ರೈಲು ಬರುವ ಹೊತ್ತು. ಗಂಟೆ ಬಾರಿಸಿತು.

"ಪುಟ್ಟಿ, ರೈಲು ಬರೋವರೆಗೂ ಎಣಿಸು ನೋಡೋಣ. ನಿಧಾನಕ್ಕೆ."

ಹುಡುಗಿ ಬೆರಳು ಮಡಚುತ್ತಾ ಎಣಿಸಿದಳು. ಮೇಸ್ತ್ರಿ ಗಡಿಯಾರ ನೋಡುತ್ತಿದ್ದ. ಅಡ್ಡಕಂಬ ಇಳಿಯಿತು, ಸೈಕಲ್ಲಿನವನೊಬ್ಬ ಬಗ್ಗಿ ಅದರಡಿ ನುಸುಳಿ ದಾಟಿದ. ರೈಲು ಧಡಧಡ ಬಂತು. "ಐವತ್ತೆಂಟು! ದೊಡ್ಡಪ್ಪಾ, ಐವತ್ತೆಂಟು!" ಎಂದು ಮಗು ಕೂಗಿತು. ಗಡಿಯಾರದಲ್ಲಿ ಸರಿಯಾಗಿ ಅರವತ್ತು. ಎಂದಿನ ಹಾಗೆ ಅರವತ್ತು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಮಗುವಿಗೆ ಬಲೂನು ಕೊಡಿಸಿದ.

ಅರ್ಧ ದಾರಿ ಬಂದ ಮೇಲೆ ಕಾಲು ನಿಂತಿತು. ಎಂದಿನ ಹಾಗೆ ಯಾಕಿರಬೇಕು? ಹೊಸ ವೇಗ ಪೆಟ್ಟಿಗೆಯಲ್ಲಿದ್ದಿದ್ದರೆ ಅದು ತಡೆಯುತ್ತಲೇ ಇರಲಿಲ್ಲ, ಹಳೆಯ ರೈಲಿಗೂ ತಕ್ಷಣ ಗಂಟೆ ಹೊಡೆಯುತ್ತಿತ್ತು. ಮಗು ತೊಂಬತ್ತಾರರವರೆಗೆ ಎಣಿಸಬೇಕಿತ್ತು.

"ದೊಡ್ಡಪ್ಪ, ಯಾಕೆ ಬೆವರ್ತಿದೀಯ?"

"ಬಿಸಿಲು ಕಣಮ್ಮ," ಎಂದ.

ಇಲ್ಲಿ ನನಗೆ ಈ ಮನುಷ್ಯನ ಮೇಲೆ ಸಿಟ್ಟು ಬರುತ್ತದೆ. ಜೇಬಿನಲ್ಲಿ ಫೋನಿತ್ತು. ಜೀಪಿನಲ್ಲಿ ತುಂಬಿಸಲು ಹೋದ ಹುಡುಗರ ನಂಬರಿತ್ತು, ಮೇಡಂ ನಂಬರಿತ್ತು. ಅವನು ಮಾಡಿದ್ದೇನು? ಹದಿನಾಲ್ಕಕ್ಕೆ ಇನ್ನೂ ಹುಡುಗರು ಬಂದಿಲ್ಲವೇನೋ, ಇವತ್ತು ಕತ್ತಲಾಗುವುದರೊಳಗೆ ಬಂದು ತುಂಬಿಸಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಭಾನುವಾರ ಯಾಕೆ ಜನರಿಗೆ ತೊಂದರೆ ಕೊಡುವುದು ಎಂದುಕೊಂಡ. ಆರು ವರ್ಷದ ಹೆಸರು ಒಂದು ಫೋನಿಗೆ ಮಣ್ಣುಪಾಲಾಗುತ್ತದೆ ಎನ್ನುವುದನ್ನು ಮಾತ್ರ ತನ್ನೊಳಗೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಬೆಳಿಗ್ಗೆ ಬೇಗ ಹೋಗಿ ನೋಡಿದರಾಯಿತು ಎಂದು ಮನೆ ಸೇರಿದ.

ಸೋಮವಾರ ಆರೂಮುಕ್ಕಾಲಿಗೇ ಹೊರಟ. ಅಂಗಳದಲ್ಲಿ ತಮ್ಮ ವ್ಯಾನಿನ ಗಾಜು ಒರೆಸುತ್ತಿದ್ದ.

"ಏನಣ್ಣ, ಇಷ್ಟು ಬೇಗ?"

ಇವತ್ತು ಸೇತುವೆ ದಾರಿಯಲ್ಲಿ ಹೋಗೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಯಾಕೆ ಎಂದು ಕೇಳಿಯೇ ಕೇಳುತ್ತಾನೆ. ಅದಕ್ಕೆ ಏನು ಹೇಳಬೇಕು? "ಸ್ವಲ್ಪ ಕೆಲಸ ಇದೆ," ಎಂದು ಮೇಸ್ತ್ರಿ ಅಂಗಳ ದಾಟಿದ.

ಆಫೀಸಿನಲ್ಲಿ ಅವನಿಗಿಂತ ಮೊದಲೇ ಪರೀಕ್ಷೆಯ ಹುಡುಗಿ ಬಂದು ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಕಣ್ಣು ಕೆಂಪಾಗಿತ್ತು.

"ಸಾರ್, ತಪ್ಪು ತಿಳ್ಕೋಬೇಡಿ. ನನ್ನ ಬಿಲ್ಡು, ನೀವು ಕಳ್ಸಿದ ಬಿಲ್ಡು, ಎರಡೂ ತಾಳೆ ಆಗ್ತಿಲ್ಲ. ಶನಿವಾರಾನೇ ನೋಡ್ದೆ. ನಂದೇ ಏನೋ ತಪ್ಪಿರಬೇಕು ಅನ್ಕೊಂಡೆ. ನಿಮ್ದು ಯಾವತ್ತಾದ್ರೂ ತಪ್ಪಿದ್ದುಂಟಾ?"

ಮೇಸ್ತ್ರಿ ಕುರ್ಚಿ ಎಳೆದು ಕೂತ. ಹದಿನಾಲ್ಕನೇ ಗೇಟಿನ ಕಡತವನ್ನು ತನ್ನ ಪರದೆಯಲ್ಲಿ ತೆರೆದ. ಅದರ ಪಕ್ಕದಲ್ಲಿ ಅವಳದ್ದನ್ನು ತೆರೆದ. ಅಡಿಯಿಂದ ಮೇಲಕ್ಕೆ ಸಾಲು ಸಾಲು ಒಂದೇ. ಮೂರನೇ ಸಾಲಿಗೆ ಬಂದಾಗ ವೇಗ ಅವನದರಲ್ಲಿ ಗಂಟೆಗೆ ತೊಂಬತ್ತು ಕಿಲೋಮೀಟರ್, ಅವಳದರಲ್ಲಿ ನೂರ ನಲವತ್ತನಾಲ್ಕು. ಮೂರು ಸಾಲು ಬಿಟ್ಟು ಹೋಲಿಸು ಎಂದು ತಾನೇ ಬರೆದ ಆಜ್ಞೆ ಮೇಕ್‌ಫೈಲಿನಲ್ಲಿ ಆರು ವರ್ಷದಿಂದ ಹಾಗೇ ಕೂತಿತ್ತು. ಯಂತ್ರ ಹೊಸ ವೇಗದ ಕಡತವನ್ನು ನಲವತ್ತೊಂದು ಸಲ ಬರೆದಿತ್ತು, ನಲವತ್ತೊಂದು ಸಲ ಹಳೆಯದೇ ಸರಿ ಎಂದು ಎಸೆದಿತ್ತು. ಹಳೆಯ ತಡೆಯೇ ಇದ್ದರೆ ಹೊಸ ರೈಲಿಗೆ ಗಂಟೆಯಿಂದ ಹಳಿಯವರೆಗೆ ಉಳಿಯುವುದು ಇಪ್ಪತ್ತನಾಲ್ಕೇ ಸೆಕೆಂಡು. ಅಡ್ಡಕಂಬ ಪೂರ್ತಿ ಇಳಿಯುವುದಕ್ಕೂ ರೈಲು ಬರುವುದಕ್ಕೂ ಸರಿಹೋಗುತ್ತದೆ.

ಗೋಡೆಯ ಗಡಿಯಾರದಲ್ಲಿ ಏಳು ಐವತ್ತೆರಡು.

ತಮ್ಮನಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡಿಸುವಾಗ ತಮ್ಮ ಫೋನು ಮುಟ್ಟುವವನಲ್ಲ. ಮನೆಗೆ ಮಾಡಿದ. "ಅವನಾ? ಆಗಲೇ ಹೋದನಲ್ಲ. ಯಾಕೆ, ಏನಾಯ್ತು? ಧ್ವನಿ ಯಾಕೆ ಹೀಗಿದೆ?" ಎಂದು ಹೆಂಡತಿ ಕೇಳುತ್ತಿದ್ದಾಗಲೇ ಇಟ್ಟ. ಮ್ಯಾನೇಜರ ಫೋನು ಬಂದ್ ಆಗಿತ್ತು. ಕೊನೆಗೆ ರೈಲ್ವೆಯ ನಿಯಂತ್ರಣ ಕೊಠಡಿಗೆ ಮಾಡಿದ.

"ಹೊಸ ರೈಲು ನಿಲ್ಲಿಸಿ. ಗೇಟುಗಳು ಸರಿ ಇಲ್ಲ."

"ಯಾರ್ರೀ ಮಾತಾಡ್ತಿರೋದು? ಯಾವ ಗೇಟು?"

"ಎಲ್ಲಾ ಗೇಟು. ನಲವತ್ತು."

"ನಲವತ್ತು ಗೇಟು ಒಟ್ಟಿಗೇ ಕೆಟ್ಟೋಯ್ತಾ? ತಮಾಷೆ ಮಾಡ್ತೀರಾ? ಕಂಪನಿಯಿಂದ ಬರಹದಲ್ಲಿ ಕಳ್ಸಿ, ಮ್ಯಾನೇಜರ್ ಸಹಿ ಹಾಕ್ಸಿ."

"ಅಷ್ಟು ಹೊತ್ತಿಲ್ಲ ಸ್ವಾಮಿ. ಅದನ್ನ ಕಟ್ಟಿದವನು ನಾನೇ. ಹಳೇ ವೇಗ ಹಾಗೇ ಉಳಿದುಬಿಟ್ಟಿದೆ. ತಪ್ಪು ನಂದು, ಕೆಲಸದಿಂದ ಕಿತ್ತುಹಾಕಿ, ಜೈಲಿಗೆ ಹಾಕಿ, ಮೊದಲು ರೈಲು ನಿಲ್ಲಿಸಿ!"

ಆ ಕಡೆಯವನು ಇರಿ ಎಂದ. ಯಾರನ್ನೋ ಕರೆದ, ಆ ಯಾರೋ ಇನ್ನೊಬ್ಬರನ್ನು ಕರೆದರು. ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ. ಮೊದಲಿನಿಂದ ಮತ್ತೆ ಹೇಳಿ ಎಂದರು, ಹೇಳಿದ. ಇನ್ನೊಬ್ಬರು ಬಂದು ಮತ್ತೆ ಕೇಳಿದರು, ಮತ್ತೆ ಹೇಳಿದ. ಎಂಟಾಯಿತು, ಎಂಟು ಐದಾಯಿತು. ಹುಡುಗಿ ಬಾಯಿಗೆ ದುಪ್ಪಟ್ಟ ಒತ್ತಿಕೊಂಡು ನಿಂತಿದ್ದಳು. ಎಂಟು ಹದಿಮೂರಕ್ಕೆ ಮೊದಲಿನವನೇ ಮಾತಾಡಿದ.

"ನಿಲ್ಸಿದೀವಿ. ಹದಿನೇಳನೇ ಗೇಟಿನ ಹತ್ರ ನಿಂತಿದೆ."

"ಹದಿನಾಲ್ಕು?"

"ಅದು ದಾಟಿ ಆಯ್ತಲ್ಲ."

"ಅಲ್ಲಿ ಏನಾದ್ರೂ..."

"ನಮಗಿನ್ನೂ ಏನೂ ಗೊತ್ತಿಲ್ಲ. ಡ್ರೈವರ್ ಜೊತೆ ಮಾತಾಡ್ಬೇಕು," ಎಂದು ಅವನು ಫೋನಿಟ್ಟ.

ಮೇಸ್ತ್ರಿ ತಮ್ಮನಿಗೆ ಮತ್ತೆ ಮಾಡಿದ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಎತ್ತಲಿಲ್ಲ. ಕೈ ಸುಮ್ಮನಿರಲಾರದೆ ಯಂತ್ರದ ಕಡೆ ತಿರುಗಿತು. ಹೋಲಿಕೆಯ ಆಜ್ಞೆಯನ್ನು ತೆಗೆದುಹಾಕಿ, ಆರು ವರ್ಷದಿಂದ ಮುಟ್ಟದೆ ಕಾಪಾಡಿದ್ದ ಹಳೆಯ ಕಡತಗಳನ್ನೆಲ್ಲ ಅಳಿಸಿ, ಬುಡದಿಂದ ಕಟ್ಟಲು ಹಚ್ಚಿದ. ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಏರತೊಡಗಿದವು. ಎಷ್ಟು ಹೊತ್ತಾಗುತ್ತೆ ಸಾರ್ ಎಂದು ಹುಡುಗಿ ಮೆಲ್ಲಗೆ ಕೇಳಿದಳು. ನಾಲ್ಕು ಗಂಟೆ ಎಂದ. ಮನಸ್ಸಿನಲ್ಲಿ ವ್ಯಾನಿನ ಮಕ್ಕಳ ಮುಖ ನೆನಪಿಸಿಕೊಳ್ಳಲು ನೋಡುತ್ತಿದ್ದ, ತಮ್ಮನ ಮಗಳದ್ದು ಬಿಟ್ಟು ಒಂದೂ ನೆನಪಾಗಲಿಲ್ಲ. ಬೀದಿಯಲ್ಲಿ ಕಂಡಾಗಲೆಲ್ಲ ವ್ಯಾನಿನ ಕಿಟಕಿಯಿಂದ ಟಾಟಾ ಮಾಡುವ ಮಕ್ಕಳು ಅವು.

ಎಂಟು ಇಪ್ಪತ್ತನಾಲ್ಕಕ್ಕೆ ಫೋನು ರಿಂಗಾಯಿತು. ತಮ್ಮ.

"ಅಣ್ಣಾ." ಅಷ್ಟೇ ಹೇಳಿ ತಮ್ಮ ಉಸಿರು ಎಳೆದುಕೊಂಡ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು, ಯಾವುದೋ ಒಂದು ಮಗು ರೈಲಿನ ಹಾಗೆ ಕೂಗುತ್ತಿತ್ತು.

"ಹೇಳೋ. ಮಕ್ಕಳು? ಪುಟ್ಟಿ?"

"ಎಲ್ಲಾ ಇದ್ದಾರೆ. ಶಾಲೆ ಹತ್ರ ಇದೀನಿ. ಮೆಟ್ಟಿಲ ಮೇಲೆ ಕೂತಿದೀನಿ. ಗಂಟೆ ಹೊಡೀತಾ ಇತ್ತು, ಇನ್ನೂ ಹೊತ್ತಿದೆಯಲ್ಲ ಅಂತ ಯಾವಾಗ್ಲೂ ಹೋಗೋ ಹಾಗೆ ಹೋದೆ. ಹಳಿ ಮೇಲಿದ್ದಾಗಲೇ ಕಂಬ ಇಳೀತಾ ಬಂತು, ಹಾರ್ನು ಕೇಳಿಸ್ತು, ಆಕ್ಸಿಲೇಟರ್ ಒತ್ತಿಬಿಟ್ಟೆ. ಎದುರುಗಡೆ ಕಂಬ ವ್ಯಾನಿನ ತಲೆ ಸವರ್ಕೊಂಡು ಹೋಯ್ತು. ಬೆನ್ನಹಿಂದೇನೇ ರೈಲು ಹೋಯ್ತಣ್ಣ. ವ್ಯಾನು ಗಡಗಡ ಅಲ್ಲಾಡ್ತು. ಈ ಮಕ್ಳಿಗೆ ಖುಷಿ, ಇನ್ನೊಂದ್ಸಲ ಇನ್ನೊಂದ್ಸಲ ಅಂತಾವೆ..."

ತಮ್ಮನ ಮಾತು ಅಳುವಿನಲ್ಲಿ ಸಿಕ್ಕಿಕೊಂಡಿತು.

"ನೀನೇ ಹೇಳು, ಅದು ನಿಮ್ಮ ಕಂಪನೀದಲ್ವಾ? ಯಾವನು ಮಾಡಿದ್ದು ಅದನ್ನ? ಕೈಗೆ ಸಿಕ್ಕಿದ್ರೆ..."

"ನಾನೇ ಕಣೋ," ಎಂದ ಮೇಸ್ತ್ರಿ. "ವೇಗ ಬದಲಾಗಿರ್ಲಿಲ್ಲ. ಹಳೇದೇ ಹೋಗಿತ್ತು."

ಆ ಕಡೆ ಮಕ್ಕಳನ್ನು ಯಾರೋ ಟೀಚರು ಒಳಗೆ ಕರೆಯುತ್ತಿದ್ದರು. ತಮ್ಮ ಮೂಗು ಒರೆಸಿಕೊಂಡು ಮಾತಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೋಗ್ಲಿ ಬಿಡಣ್ಣ. ಗೊತ್ತಿಲ್ದೆ ಆದದ್ದು, ನೀನೇನು ಬೇಕೂಂತ ಮಾಡ್ದ್ಯಾ? ಈಗ ತಾನೆ ಗೊತ್ತಾಯ್ತಾ ನಿಂಗೆ? ಅದಕ್ಕೇ ಏನು ಅಷ್ಟೊಂದ್ಸಲ ಫೋನ್ ಮಾಡಿದ್ದು?"

ಹೌದು ಎಂದರೆ ಮುಗಿಯುತ್ತಿತ್ತು. ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ಶುಕ್ರವಾರ ಅನುಮಾನ ಬಂತು," ಎಂದ ಮೇಸ್ತ್ರಿ. "ನಿನ್ನೆ ಸಂಜೆ ಗೊತ್ತಾಯ್ತು."

ತಮ್ಮ ಅಣ್ಣಾ ಎಂದೂ ಅನ್ನಲಿಲ್ಲ. ಫೋನಿನಲ್ಲಿ "ಪುಟ್ಟಿ, ಬಾ ಇಲ್ಲಿ, ನನ್ನ ಹತ್ರ ಬಾ" ಎಂದು ಕರೆದದ್ದು ಕೇಳಿಸಿತು, ಆಮೇಲೆ ಫೋನು ಕಟ್ಟಾಯಿತು.